ಕುಣಿಗಲ್ ಕ್ಯಾಂಪಿನ ಹಾಜರಿ

ಕುಣಿಗಲ್
16 ಜೂನ್ 2002

ಮಾನಸಾ,

ನಿನ್ನ ಮದುವೆಯಲ್ಲಿ ನೋಡಿದ್ದೇ ಕೊನೆ. ಮೂರು ವರ್ಷವಾಯಿತು. ಈಗ ಇದ್ದಕ್ಕಿದ್ದ ಹಾಗೆ ಕಾಗದ ಬಂದರೆ, ಇವಳಿಗೆ ಏನೋ ಬೇಕಾಗಿದೆ ಎಂದುಕೊಳ್ಳುತ್ತೀಯ. ನೀನು ಅಂದುಕೊಂಡದ್ದು ಸರಿ. ಬೇಕಾಗಿದೆ.

ಇಲ್ಲಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನನಗೆ ಹಿಂದಿ ಟೀಚರ್ ಕೆಲಸ ಸಿಕ್ಕಿದೆ. ಇಂಟರ್‌ವ್ಯೂಗೆ ಹನ್ನೊಂದು ಜನ ಬಂದಿದ್ದರು. ನನಗಿಂತ ಮಾರ್ಕ್ಸ್ ಹೆಚ್ಚಿದ್ದವರೇ ನಾಲ್ಕು ಜನ. ಕಾರ್ಯದರ್ಶಿ ಅಂಜನಮೂರ್ತಿಯವರು ನನ್ನ ಫೈಲು ತಿರುವುತ್ತಾ ಒಂದು ಹಾಳೆಯ ಹತ್ತಿರ ನಿಂತುಬಿಟ್ಟರು. "ಏನಮ್ಮ, ಗೈಡ್ಸಲ್ಲಿ ರಾಜ್ಯ ಪುರಸ್ಕಾರ ತಗೊಂಡಿದೀಯ? ನಮ್ ಸ್ಕೂಲಲ್ಲಿ ಗೈಡ್ ಕ್ಯಾಪ್ಟನ್ ಇಲ್ದೆ ಎರಡ್ ವರ್ಷ ಆಯ್ತು. ಇನ್ಯಾರೂ ಬ್ಯಾಡ ಬುಡು, ನೀನೇ ಸರಿ" ಎಂದರು. ಕೆಲಸ ಅಲ್ಲೇ ಆಯಿತು. ಎರಡು ವರ್ಷ ನೋಡಿ ಆಮೇಲೆ ಕಾಯಂ ಮಾಡುತ್ತಾರಂತೆ.

ಆ ಹಾಳೆ ಯಾರದೆಂದು ನಿನಗೂ ನನಗೂ ಗೊತ್ತು. ಎಂಟೂವರೆ ವರ್ಷ ನಾವಿಬ್ಬರೂ ಬಾಯಿಬಿಟ್ಟಿಲ್ಲ. ಈಗ ನಾನೇ ಬಿಡುತ್ತಿದ್ದೇನೆ. ತೊಂಬತ್ತಮೂರರ ಡಿಸೆಂಬರಿನಲ್ಲಿ ಕುಣಿಗಲ್ಲಿನಲ್ಲಿ ಆ ಪುರಸ್ಕಾರದ ಟೆಸ್ಟಿಂಗ್ ಕ್ಯಾಂಪಿಗೆ ಎರಡು ದಿನ ಇರುವಾಗ ನನಗೆ ಮೈತುಂಬ ಅಮ್ಮ ಎದ್ದು ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ಆರು ಜನ ಇಲ್ಲದಿದ್ದರೆ ದಳವನ್ನೇ ವಾಪಸು ಕಳಿಸುತ್ತಾರೆಂದು ನಮ್ಮ ಗೈಡ್ ಕ್ಯಾಪ್ಟನ್ ಶಾಂತಲಾ ಮಿಸ್ ನನ್ನ ಬದಲು ನಿನ್ನನ್ನು ಕರೆದುಕೊಂಡು ಹೋದರು. ನೀನು ಗೈಡ್ಸ್ ಸೇರಿದ್ದು ತಡವಾಗಿ. ಒಂದು ಸೋಪಾನದ ಹಂತದಿಂದ ಇನ್ನೊಂದಕ್ಕೆ ಏರಲು ಕಳೆಯಬೇಕಾದ ತಿಂಗಳುಗಳು ನಿನಗೆ ಆಗಿರಲಿಲ್ಲ, ಹಾಗಾಗಿ ಪಟ್ಟಿಯಲ್ಲಿ ನಿನ್ನ ಹೆಸರಿರಲಿಲ್ಲ. ಐದು ದಿನ ನನ್ನ ಹೆಸರಿಗೆ ಹಾಜರ್ ಅಂದೆ, ಪರೀಕ್ಷೆ ಕೊಟ್ಟೆ, ಗೆದ್ದೆ. ಸರ್ಟಿಫಿಕೇಟು ನನ್ನ ಹೆಸರಿಗೆ ಬಂತು. ಗುಬ್ಬಿಯ ನಮ್ಮ ಸ್ಕೂಲಿನ ಸ್ಟೋರ್ ರೂಮಿನಲ್ಲಿ ಮಿಸ್ ನಮ್ಮಿಬ್ಬರಿಂದ ಮೂರು ಬೆರಳು ಎತ್ತಿಸಿ ಪ್ರತಿಜ್ಞೆ ಮಾಡಿಸಿದರು: ಗೈಡ್ ಆದವಳು ಮಾತಿಗೆ ತಪ್ಪುವುದಿಲ್ಲ, ಇದನ್ನು ಯಾರಿಗೂ ಹೇಳುವುದಿಲ್ಲ.

ಈಗ ನಲವತ್ತು ಹುಡುಗಿಯರು ಶನಿವಾರ ಶನಿವಾರ ಹಗ್ಗ ಹಿಡಿದು ನನ್ನ ಮುಂದೆ ನಿಲ್ಲುತ್ತಾರೆ. ನನಗೆ ಹಾಡು ಬರುತ್ತದೆ, ಚಪ್ಪಾಳೆ ಬರುತ್ತದೆ, ಸೆಲ್ಯೂಟ್ ಬರುತ್ತದೆ. ಗಂಟು ಒಂದೂ ಬರುವುದಿಲ್ಲ. ಆಗಲೂ ಅಷ್ಟಕ್ಕಷ್ಟೇ. ನನ್ನ ಗಂಟನ್ನೆಲ್ಲ ನೀನೇ ಹಾಕಿಕೊಡುತ್ತಿದ್ದೆ.

ಕಾಗದದಲ್ಲೇ ಕಲಿಸಿಕೊಡುತ್ತೀಯಾ? ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ
ಯಶಸ್ವಿನಿ


ಬಟವಾಡಿ, ತುಮಕೂರು
24 ಜೂನ್ 2002

ಯಶಸ್ವಿನಿ ಮಿಸ್ಸಿಗೆ,

ಮಿಸ್ ಎಂದೆನೆಂದು ಉಬ್ಬಬೇಡ, ಹಾಸ್ಯಕ್ಕೆ ಅಂದದ್ದು. ನಿನ್ನ ಕಾಗದ ನಮ್ಮ ಅತ್ತೆಯ ಕೈಗೇ ಸಿಕ್ಕಿತು. ಅವರಿಗೆ ಓದಲು ಬರುವುದಿಲ್ಲ, ಅದೇ ನನ್ನ ಪುಣ್ಯ. "ಯಾರ್ದೇ ಅದು?" ಎಂದರು. "ನನ್ ಜೊತೆ ಓದಿದೋಳು, ಕುಣಿಗಲ್ಲಲ್ಲಿ ಟೀಚರ್" ಎಂದೆ. "ನೀನೂ ಓದ್ದೆ, ಏನ್ ಬಂತು?" ಎಂದು ಸೊಪ್ಪು ಸೋಸಲು ಕೂತರು. ಬೇಕಾದಷ್ಟು ಬರೆ, ಫೋನು ಮಾತ್ರ ಮಾಡಬೇಡ. ಫೋನಿರುವುದು ಕೆಳಗೆ ಓನರ್ ಮನೆಯಲ್ಲಿ. ಅಲ್ಲಿ ಒಂದು ಮಾತಾಡಿದರೆ ಬಟವಾಡಿಯ ಆಟೋದವರಿಗೆಲ್ಲ ಗೊತ್ತಾಗುತ್ತದೆ.

ನಿನಗೆ ಕೆಲಸ ಸಿಕ್ಕಿದ್ದು ಓದಿ ಸಂತೋಷವಾಯಿತು ಎಂದು ಬರೆಯಬೇಕು. ಮೊದಲು ಹೊಟ್ಟೆ ಉರಿಯಿತು. ಆಮೇಲೆ ಸಂತೋಷವಾಯಿತು. ಎರಡೂ ನಿಜ ಕಣೇ.

ನನ್ನ ಎಡಗೈ ಈ ಮನೆಯಲ್ಲಿ ರಜೆಯ ಮೇಲಿದೆ. ನಾನು ಎಡಚಿ ಎಂದು ತಿಳಿದ ದಿನವೇ ಅತ್ತೆ, "ಆ ಕೈಲಿ ಬಡಿಸ್ಬ್ಯಾಡ, ಮನೆಗೆ ಒಳ್ಳೇದಲ್ಲ" ಎಂದರು. ಮೂರು ವರ್ಷದಿಂದ ಬಲಗೈಯಲ್ಲಿ ಸೌಟು ಹಿಡಿದು ಸಾರು ಚೆಲ್ಲುತ್ತಿದ್ದೇನೆ. ತವರಿನಲ್ಲಾದರೂ ಏನು, ಕಡಬದಲ್ಲಿ ನಮ್ಮಪ್ಪ ಆ ಕೈಯನ್ನು ಟವೆಲಿನಲ್ಲಿ ಮಂಚದ ಕಾಲಿಗೆ ಕಟ್ಟಿ ಬಲಗೈಯಲ್ಲಿ ಅ ಆ ಇ ಈ ಬರೆಸಿದವರು. ಗೈಡ್ಸ್ ಸೇರಿದ ದಿನ ಶಾಂತಲಾ ಮಿಸ್ ನನ್ನ ಮುಂದೆ ಎಡಗೈ ಚಾಚಿದ್ದು ನೆನಪಿದೆಯಾ? "ಇಲ್ಲಿ ಎಲ್ರೂ ಕೈ ಕುಲುಕೋದು ಎಡಗೈಲೇ, ಹೃದಯದ ಕಡೆ ಕೈ" ಎಂದರು. ನೀವೆಲ್ಲ ಯಾವ ಕೈ ಯಾವ ಕೈ ಎಂದು ತಡವರಿಸುತ್ತಿದ್ದಿರಿ. ನಾನೊಬ್ಬಳೇ ಥಟ್ಟನೆ ಕೊಟ್ಟೆ. ಮನೆಗೆ ಹೋಗಿ ಯಾರಿಗೂ ಹೇಳಲಿಲ್ಲ.

ಸರಿ, ಪಾಠಕ್ಕೆ ಬಾ. ಮೊದಲು ಬೋಲೈನ್, ಬಾವಿಗೆ ಬಿದ್ದವರನ್ನು ಎತ್ತುವ ಗಂಟು. ಎಷ್ಟು ಎಳೆದರೂ ಉರುಳು ಬಿಗಿಯುವುದಿಲ್ಲ. ಹಗ್ಗದ ಉದ್ದದ ಕಡೆ ಬಲಗೈಯಲ್ಲಿರಲಿ, ತುದಿ ಎಡಗೈಯಲ್ಲಿರಲಿ. ಬಲಗೈಯ ಹತ್ತಿರ ಸಣ್ಣದೊಂದು ಸುರುಳಿ ಮಾಡು. ಅದು ಇಲಿಯ ಬಿಲ. ಉದ್ದ ಹಗ್ಗ ತೆಂಗಿನಮರ. ಎಡಗೈಯ ತುದಿಯೇ ಇಲಿ. ಇಲಿ ಬಿಲದ ಕೆಳಗಿನಿಂದ ಮೇಲೆ ಬರಲಿ, ತೆಂಗಿನಮರದ ಹಿಂದಿನಿಂದ ಒಂದು ಸುತ್ತು ಹಾಕಲಿ, ಬಂದ ಬಿಲಕ್ಕೇ ಇಳಿಯಲಿ. ಆಮೇಲೆ ಮರ ಎಳೆ. ಚಿತ್ರ ಹಿಂದಿನ ಪುಟದಲ್ಲಿದೆ. ದಿನಕ್ಕೆ ಐವತ್ತು ಸಲ ಮಾಡು.

ಮಾನಸಾ


ಕುಣಿಗಲ್
18 ಆಗಸ್ಟ್ 2002

ಮಾನಸಾ,

ನಿನ್ನ ಆರೂ ಕಾಗದ ದಿಂಬಿನ ಕೆಳಗಿವೆ. ಬೋಲೈನ್ ಬಂತು. ರೀಫ್ ನಾಟ್ ಬಂತು. ಕ್ಲೋವ್ ಹಿಚ್ ಒಂದು ದಿನ ಬರುತ್ತದೆ, ಒಂದು ದಿನ ಕೈಕೊಡುತ್ತದೆ. ನೀನು ಎಲ್ಲದಕ್ಕೂ ತುದಿ ಎಡಗೈಯಲ್ಲಿ ಹಿಡಿ ಎನ್ನುತ್ತೀಯ, ನನಗೆ ಆ ಕೈ ಒಗ್ಗುವುದೇ ಇಲ್ಲ. ಮಲಗಿದರೂ ಬೆರಳು ನೋಯುತ್ತವೆ.

ಮೊನ್ನೆ ಹದಿನೈದರಂದು ಬಾವುಟ ಕಟ್ಟುವ ಕೆಲಸ ನನ್ನದೇ. ನಿನಗೆ ಗೊತ್ತಿಲ್ಲ, ಎಂಟು ವರ್ಷದಿಂದ ಆಗಸ್ಟ್ ಬಂತೆಂದರೆ ನನಗೆ ಜ್ವರ ಬರುತ್ತಿತ್ತು. ಗುಬ್ಬಿಯಲ್ಲಿ ಯಾವ ಸಂಘದವರು ಬಾವುಟ ಹಾರಿಸಿದರೂ "ಪುರಸ್ಕಾರ ತಗೊಂಡ ಹುಡುಗೀನ ಕರೀರಿ, ಅವಳು ಕಟ್ಟಲಿ" ಎನ್ನುವರು. ಒಂದು ವರ್ಷ ನಾನು ಕಟ್ಟಿದ ಬಾವುಟ ಬಿಚ್ಚಿಕೊಳ್ಳಲೇ ಇಲ್ಲ. ಅಂಜಿನಪ್ಪ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಕಂಬ ಹತ್ತಿದರು. ಜನ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಲ್ಲಿ ಅತ್ತುಬಿಟ್ಟೆ. ಈ ಸಲ ನೀನು ಬರೆದ ಹಾಗೆ ಕಟ್ಟಿದೆ. ಎಳೆದ ಕೂಡಲೇ ಬಿಚ್ಚಿಕೊಂಡು ಹೂವು ಉದುರಿತು. ನಿನಗೆ ಹೇಳಬೇಕೆನಿಸಿ ಅಳು ಬಂತು.

ಹತ್ತನೇ ಕ್ಲಾಸಿನ ಆರು ಹುಡುಗಿಯರು ಈ ವರ್ಷ ರಾಜ್ಯ ಪುರಸ್ಕಾರಕ್ಕೆ ಹೋಗಬೇಕು. ಅವರ ದಳನಾಯಕಿ ನರಸಮ್ಮ. ಅಜ್ಜಿಯ ಹೆಸರಿಟ್ಟಿದ್ದಾರೆಂದು ಕ್ಲಾಸಿನವರು ರೇಗಿಸುತ್ತಾರೆ, ಅವಳು ಕೇರು ಮಾಡುವುದಿಲ್ಲ. ನೋಡಿದ್ದನ್ನು ಒಂದೇ ಸಲಕ್ಕೆ ಕಲಿಯುತ್ತಾಳೆ. ನಿನ್ನ ಕಾಗದ ಬುಧವಾರ ಬಂದರೆ ಗುರುವಾರ ಶುಕ್ರವಾರ ನಾನು ಕಲಿಯುತ್ತೇನೆ, ಶನಿವಾರ ಅವರು ಕಲಿಯುತ್ತಾರೆ. ಒಂದು ವಾರ ಅಂಚೆ ತಡವಾದರೆ ನನ್ನ ಬಣ್ಣ ಬಯಲು.

ಯಶಸ್ವಿನಿ


ಬಟವಾಡಿ
5 ಸೆಪ್ಟೆಂಬರ್ 2002

ಯಶು,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೈ ಒಗ್ಗದಿದ್ದರೆ ಒಗ್ಗಿಸಿಕೋ. ನಾನು ಬಲಗೈಯಲ್ಲಿ ಮುದ್ದೆ ತಿರುವುತ್ತಿಲ್ಲವೇ?

ಮೊನ್ನೆ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ನಿನಗಾಗಿ ಶೀಟ್ ಬೆಂಡ್ ಗಂಟು ಹಾಕಿ ನೋಡುತ್ತಿದ್ದೆ. ಅತ್ತೆ ಹಿಂದೆ ಬಂದು ನಿಂತಿದ್ದಾರೆ. "ಅಯ್ಯೋ, ಹಗ್ಗ ಯಾಕೆ ಹಿಡ್ಕಂಡಿದೀಯೇ?" ಎಂದು ಕೂಗಿಕೊಂಡರು. ಅವರಿಗೆ ಬೇರೆಯೇ ಭಯ. ಸಂಜೆ ನಮ್ಮ ಮನೆಯವರು ಕೃಷ್ಣಕುಮಾರ್ ಔಷಧಿ ಅಂಗಡಿಯಿಂದ ಬಂದಾಗ ಮೆಲ್ಲಗೆ "ಏನಾದ್ರೂ ಬೇಜಾರಾ?" ಎಂದು ಕೇಳಿದರು. ಏನು ಹೇಳಲಿ? ಇಲ್ಲ ಎಂದೆ. ಅಂದಿನಿಂದ ಹಗ್ಗ ಅತ್ತೆಯ ಪೆಟ್ಟಿಗೆಯಲ್ಲಿದೆ. ನಾನೀಗ ಸೀರೆ ಸೆರಗಿನಲ್ಲಿ ಗಂಟು ಹಾಕಿ ನೋಡಿ ನಿನಗೆ ಬರೆಯುತ್ತೇನೆ.

ಇವರು ಕೆಟ್ಟವರಲ್ಲ, ತಪ್ಪು ತಿಳಿಯಬೇಡ. ಹೊಡೆಯುವುದಿಲ್ಲ, ಬೈಯುವುದೂ ಕಡಿಮೆ. ನನ್ನನ್ನು ಒಬ್ಬಳೇ ಎಲ್ಲಿಗೂ ಕಳಿಸುವುದಿಲ್ಲ, ಅಷ್ಟೇ. ಮೂರು ಕೋಣೆ, ಒಂದು ಟೆರೇಸು. ಟೆರೇಸಿನಿಂದ ಹೈವೇ ಕಾಣುತ್ತದೆ. ಬಸ್ಸಿನ ಬೋರ್ಡು ಓದುತ್ತೇನೆ.

ಒಂದು ಕೇಳಬೇಕು. ಆ ಸರ್ಟಿಫಿಕೇಟನ್ನು ನಾನು ನೋಡಿಯೇ ಇಲ್ಲ. ಅದು ಬರುವ ಹೊತ್ತಿಗೆ ನಮ್ಮಪ್ಪ ನನ್ನನ್ನು ಸ್ಕೂಲು ಬಿಡಿಸಿ ಗೂಳೂರಿನ ದೊಡ್ಡಮ್ಮನ ಮನೆಗೆ ಕಳಿಸಿದ್ದರು. ಅದರಲ್ಲಿ ಏನು ಬರೆದಿದೆ? ಒಂದು ಅಕ್ಷರ ಬಿಡದೆ ಬರೆದು ಕಳಿಸು.

ಮಾನಸಾ


ಕುಣಿಗಲ್
27 ಅಕ್ಟೋಬರ್ 2002

ಮಾನಸಾ,

ದಸರಾ ರಜೆಯಲ್ಲಿ ಗುಬ್ಬಿಗೆ ಹೋಗಿದ್ದೆ. ಸರ್ಟಿಫಿಕೇಟು ನಡುಮನೆಯಲ್ಲಿ ಗಡಿಯಾರದ ಪಕ್ಕ ಇದೆ. ಅಪ್ಪ ಇಂದಿಗೂ ಬಂದವರಿಗೆಲ್ಲ ತೋರಿಸುತ್ತಾರೆ. ಮೊಳೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡು ನಿನಗಾಗಿ ಬರೆದುಕೊಂಡೆ. ಮೇಲೆ ಲಾಂಛನ. ಕೆಳಗೆ: "ಕುಮಾರಿ ಯಶಸ್ವಿನಿ ಇವರು ನಿಗದಿತ ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಿ ರಾಜ್ಯ ಪುರಸ್ಕಾರಕ್ಕೆ ಅರ್ಹರಾಗಿದ್ದಾರೆ." ಸಹಿ, ಮೊಹರು. ಅಷ್ಟೇ ಕಣೇ. ಇಷ್ಟೇ ಇರುವುದಕ್ಕೆ ನಾವು ಇಷ್ಟು ವರ್ಷ ಹೆದರಿದೆವಾ ಅನಿಸಿತು. ವಾಪಸು ತೂಗುಹಾಕುವಾಗ ಅಪ್ಪ, "ಧೂಳ್ ಒರೆಸ್ದ್ಯಾ?" ಎಂದರು. ಒರೆಸಿದೆ ಎಂದೆ.

ಶಾಂತಲಾ ಮಿಸ್ ಇದ್ದಿದ್ದರೆ ಹೋಗಿ ಕಾಲು ಹಿಡಿದು, ಆ ಪ್ರತಿಜ್ಞೆಯನ್ನು ವಾಪಸು ತಗೊಳ್ಳಿ ಎಂದು ಕೇಳಿಬಿಡುತ್ತಿದ್ದೆ. ಅವರು ತೀರಿಕೊಂಡು ಮೂರು ವರ್ಷವಾಯಿತು. ಬಿಡಿಸುವವರು ಇಲ್ಲ.

ಹುಡುಗಿಯರು ಹನ್ನೆರಡು ಗಂಟನ್ನೂ ಕಣ್ಣುಮುಚ್ಚಿ ಹಾಕುತ್ತಾರೆ. ಜನವರಿ ಹದಿಮೂರರಿಂದ ಐದು ದಿನ ಟೆಸ್ಟಿಂಗ್ ಕ್ಯಾಂಪು, ಇಲ್ಲೇ ಕುಣಿಗಲ್ಲಿನಲ್ಲಿ, ಆಗ ನೀನಿದ್ದ ಅದೇ ಹುಣಸೆ ತೋಪಿನಲ್ಲಿ. ಒಂದು ದಿನದ ಮಟ್ಟಿಗೆ ಬಂದು ಹೋಗು. ನಾನೇ ತುಮಕೂರಿಗೆ ಬಂದು ಕರೆದುಕೊಂಡು ಬರುತ್ತೇನೆ.

ಯಶಸ್ವಿನಿ


ಬಟವಾಡಿ
10 ನವೆಂಬರ್ 2002

ಯಶು,

ಆ ಎರಡು ಸಾಲನ್ನು ಎಷ್ಟು ಸಲ ಓದಿದೆನೋ. "ಕುಮಾರಿ" ಎಂದಿದೆಯಲ್ಲ, ಅದು ಚೆನ್ನಾಗಿದೆ.

ಬರಲು ಆಗುವುದಿಲ್ಲ. ಕೇಳಿದೆ. ಕೃಷ್ಣಕುಮಾರ್ "ಅಮ್ಮನ್ನ ಕೇಳು" ಎಂದರು. ಅತ್ತೆ "ಅವನ್ನ ಕೇಳು" ಎಂದರು. ಎರಡು ದಿನ ಅವರಿಂದ ಇವರಿಗೆ, ಇವರಿಂದ ಅವರಿಗೆ ಓಡಾಡಿ ಸುಮ್ಮನಾದೆ. ಯಾರೂ ಬೇಡ ಎನ್ನಲಿಲ್ಲ ನೋಡು. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಕ್ಯಾಂಪಿನಲ್ಲಿ ಹುಡುಗಿಯರಿಗೆ ಹೊಟ್ಟೆತುಂಬ ಊಟ ಹಾಕಿಸು. ಹಗ್ಗ ಒದ್ದೆಯಾಗದ ಹಾಗೆ ನೋಡಿಕೋ. ಏನಾಯಿತೆಂದು ಅವತ್ತೇ ಬರೆ.

ಮಾನಸಾ


ಕುಣಿಗಲ್
20 ಜನವರಿ 2003

ಮಾನಸಾ,

ಇದನ್ನು ಒಬ್ಬಳೇ ಇರುವಾಗ ಓದು.

ಪರೀಕ್ಷೆಗೆ ಬಂದವರು ಪುಟ್ಟಗಂಗಮ್ಮ ಮೇಡಂ. ತೊಂಬತ್ತಮೂರರಲ್ಲಿ ನಿನ್ನನ್ನು ಪರೀಕ್ಷೆ ಮಾಡಿದವರೇ. ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಎರಡನೇ ದಿನ ಗಂಟಿನ ಪರೀಕ್ಷೆ. ಸೀಟಿ ಊದಿದರು. ನಮ್ಮ ಆರೂ ಹುಡುಗಿಯರು ಒಟ್ಟಿಗೆ ಬೋಲೈನ್ ಹಾಕಿ ಎತ್ತಿ ತೋರಿಸಿದರು. ಮೇಡಂ ಒಂದೊಂದನ್ನೇ ಹಿಡಿದು ತಿರುಗಿಸಿ ನೋಡಿದರು. ಇನ್ನೊಂದು ಸಲ ಹಾಕಿಸಿದರು.

"ಆರು ಜನಾನೂ ಎಡಚರೇನ್ರೇ?" ಎಂದರು.

ನರಸಮ್ಮ, "ಇಲ್ಲ ಮೇಡಂ, ಬರೆಯೋದೆಲ್ಲ ಬಲಗೈಲೇ" ಎಂದಳು.

"ಮತ್ತೆ ಹಿಂಗ್ ಹಾಕೋದು ಯಾರ್ ಹೇಳ್ಕೊಟ್ರು?"

"ನಮ್ ಮಿಸ್ಸು."

ಮೇಡಂ ನನ್ನ ಕಡೆ ತಿರುಗಿದರು. ನಾನು ಬಲಗೈಯಲ್ಲಿ ಹಾಜರಿ ಬರೆಯುತ್ತಾ ಕೂತಿದ್ದೆ.

ನಮ್ಮಿಬ್ಬರಿಗೂ ಹೊಳೆಯಲಿಲ್ಲವಲ್ಲೇ! ನೀನು ನಿನ್ನ ಕೈಗೆ ಬಂದ ಹಾಗೆ ಬರೆದೆ, ನಾನು ನೀನು ಬರೆದ ಹಾಗೆ ಕಲಿತೆ, ಅವರು ನಾನು ಮಾಡಿದ ಹಾಗೆ ಕಲಿತರು. ಬಲಗೈಯವರು ಹಾಕಿದರೆ ಇಲಿ ಆ ಕಡೆಯಿಂದ ಮರ ಸುತ್ತುತ್ತದಂತೆ. ನಮ್ಮ ಸ್ಕೂಲಿನ ನಲವತ್ತು ಹುಡುಗಿಯರ ಇಲಿಯೂ ಈ ಕಡೆಯಿಂದ ಸುತ್ತುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಮೇಡಂ ನನ್ನನ್ನು ತೋಪಿನ ಆ ಕೊನೆಗೆ ಕರೆದರು. "ಈ ಗಂಟನ್ನ ನನ್ ಸರ್ವೀಸಲ್ಲಿ ಒಬ್ಬಳ ಕೈಲಿ ಮಾತ್ರ ನೋಡಿದೀನಿ. ಇದೇ ತೋಪಲ್ಲಿ. ಹೆಸರು ಕೇಳ್ದಾಗ ಯಶಸ್ವಿನಿ ಅಂದ್ಲು. ಕೈ ಕುಲುಕ್ದಾಗ ಎಡಗೈನ ಒಂಚೂರೂ ತಡವರಿಸದೆ ಕೊಟ್ಟಿದ್ಲು. ಆವತ್ತೇ ರಿಜಿಸ್ಟರಲ್ಲಿ ಅವಳ ಹೆಸರಿನ ಮುಂದೆ 'ಎಡಗೈ, ಅತ್ಯುತ್ತಮ' ಅಂತ ಬರ್ದಿದೀನಿ. ಈಗ ನೀನು ಹೇಳು, ನೀನು ಯಾರು?"

ಎಲ್ಲ ಹೇಳಿಬಿಟ್ಟೆ. ನಿನ್ನ ಹೆಸರೊಂದು ಬಿಟ್ಟು. ಕ್ಷಮಿಸು.

ಅವರು ಕೂಗಾಡಲಿಲ್ಲ. "ಗಂಟು ಗಂಟೇ ಕಣಮ್ಮ, ಯಾವ ಕೈದಾದ್ರೂ ಭಾರ ತಡೆದ್ರೆ ಸಾಕು. ಮಕ್ಕಳು ಪಾಸು. ಆದ್ರೆ ಅವರ ಫಾರಂಗೆ ಶಿಫಾರಸು ಮಾಡಿರೋದು ನೀನು. ನಿಂದು ಸುಳ್ಳು ಅಂತ ಗೊತ್ತಿದ್ದೂ ನಾನು ಸಹಿ ಹಾಕ್ಲಾರೆ" ಎಂದರು. ನಡೆದದ್ದನ್ನು ಬರೆದು ಕೊಟ್ಟರೆ ಬೇರೆ ಸ್ಕೂಲಿನ ಕ್ಯಾಪ್ಟನ್‌ ಕೈಯಲ್ಲಿ ಶಿಫಾರಸು ಮಾಡಿಸಿ ಆರೂ ಫಾರಂ ಕಳಿಸುತ್ತಾರಂತೆ. ಫೆಬ್ರವರಿ ಇಪ್ಪತ್ತೆಂಟರೊಳಗೆ ಬರೆದು ಕೊಡದಿದ್ದರೆ ಫಾರಂಗಳು ಸಹಿಯಿಲ್ಲದೆ ವಾಪಸು. ಇವರು ಹತ್ತನೇ ಕ್ಲಾಸು, ಇನ್ನೊಂದು ವರ್ಷವಿಲ್ಲ.

ಬರೆದು ಕೊಟ್ಟರೆ ಆ ಪುರಸ್ಕಾರ ರದ್ದಾಗುತ್ತದೆ. ನಿನ್ನ ಹೆಸರಿಗೆ ಬದಲಾಯಿಸಲು ಬರುತ್ತದಾ ಎಂದು ಕೇಳಿದೆ. "ಅವಳು ಪಟ್ಟೀಲೇ ಇಲ್ವಲ್ಲಮ್ಮ, ಇಲ್ದೋಳಿಗೆ ಹೆಂಗ್ ಕೊಡೋದು?" ಎಂದರು. ನನ್ನ ಕೆಲಸ ಏನಾಗುತ್ತದೋ ಗೊತ್ತಿಲ್ಲ. ಆದರೂ ಬರೆಯಲು ನಾನು ತಯಾರು. ಒಂಬತ್ತು ವರ್ಷ ಸಾಕಾಗಿದೆ ನನಗೆ. ಆದರೆ ಪ್ರತಿಜ್ಞೆ ಮಾಡಿದ್ದು ಇಬ್ಬರು. ನೀನು ಹೂಂ ಅನ್ನದೆ ಬರೆಯುವುದಿಲ್ಲ.

ಯಶಸ್ವಿನಿ


ಬಟವಾಡಿ
27 ಜನವರಿ 2003

ಯಶಸ್ವಿನಿ,

ಊಹೂಂ. ಬರೆಯಬೇಡ.

ನಿನಗೆ ಸಾಕಾಗಿದೆಯಂತೆ. ನಿನಗೆ ಅದು ಗೋಡೆಯ ಮೇಲಿನ ಹೊರೆ. ಇಳಿಸಿದರೆ ಹಗುರ. ಗಡಿಯಾರದ ಪಕ್ಕ ಒಂದು ಮೊಳೆ ಖಾಲಿಯಾಗುತ್ತದೆ, ಅಷ್ಟೇ ತಾನೇ? ನನಗೆ ಏನು ಉಳಿಯುತ್ತದೆ ಹೇಳು.

ನಾನು ಹತ್ತನೇ ಕ್ಲಾಸು ಮುಗಿಸಲಿಲ್ಲ. ನನ್ನ ಹೆಸರಿರುವ ಕಾಗದ ಎಂದರೆ ಒಂದು ರೇಷನ್ ಕಾರ್ಡು, ಒಂದು ಲಗ್ನಪತ್ರಿಕೆ. ಈ ಕೈಯನ್ನು ತವರಿನಲ್ಲಿ ಕಟ್ಟಿದರು, ಇಲ್ಲಿ ಮುಚ್ಚಿಟ್ಟರು. ಪ್ರಪಂಚದಲ್ಲಿ ಒಂದೇ ಒಂದು ರಿಜಿಸ್ಟರಿನಲ್ಲಿ ಅದರ ಬಗ್ಗೆ ಅತ್ಯುತ್ತಮ ಎಂದು ಬರೆದಿದೆ ಎಂದು ಹೋದ ವಾರ ನಿನ್ನಿಂದ ತಿಳಿಯಿತು. ಅದೇ ಕಾಗದದಲ್ಲಿ ಆ ಸಾಲು ಹೊಡೆದುಹಾಕಲು ಅಪ್ಪಣೆ ಕೇಳಿದ್ದೀಯ. ಎಂಥವಳೇ ನೀನು!

ಅದರಲ್ಲಿ ನಿನ್ನ ಹೆಸರಿದ್ದರೆ ಇರಲಿ. ನನಗೆ ಅದರಿಂದ ಏನೂ ಬೇಜಾರಿಲ್ಲ, ನಿಜವಾಗಿ ಹೇಳುತ್ತೇನೆ. ಗುಬ್ಬಿಯಲ್ಲಿ ಒಂದು ಮನೆಯ ಗೋಡೆಯ ಮೇಲೆ ನನ್ನದೊಂದು ವಸ್ತು ಇದೆ ಎಂದು ನೆನೆಸಿಕೊಂಡು ಎಷ್ಟೋ ದಿನ ಪಾತ್ರೆ ತಿಕ್ಕಿದ್ದೇನೆ. ನೀನು ನಿಜ ಹೇಳಿದೆಯೋ, ಆ ಐದು ದಿನ ಅಲ್ಲಿ ನೀನೂ ಇರಲಿಲ್ಲ, ನಾನೂ ಇರಲಿಲ್ಲ, ಯಾರೂ ಇರಲಿಲ್ಲ ಎಂದಾಗುತ್ತದೆ.

ಆರು ಹುಡುಗಿಯರು ಅನ್ನುತ್ತೀಯ. ಅವತ್ತೂ ಹಾಗೇ ಅಂದರು. ಐದು ಹುಡುಗಿಯರಿಗಾಗಿ ನೀನು ಯಶಸ್ವಿನಿ ಆಗು ಎಂದರು. ಆದೆ. ಯಾವಾಗಲೂ ನಾನೇ ಯಾಕೆ?

ಮೂರು ಬೆರಳು ಎತ್ತಿದ್ದೀಯ. ಮಾತು ಉಳಿಸಿಕೋ.

ಮಾನಸಾ


ಕುಣಿಗಲ್
9 ಫೆಬ್ರವರಿ 2003

ಮಾನಸಾ,

ಬರೆದು ಕೊಟ್ಟಿಲ್ಲ. ಬರೆಯುವುದೂ ಇಲ್ಲ. ಮೂರು ಸಲ ಬರೆದು ಹರಿದೆ. ಇನ್ನು ಬರೆಯುವುದಿಲ್ಲ.

ನೀನು ಬೈದದ್ದು ಸರಿ. ನಿನ್ನ ಗೆಲುವಿನಲ್ಲಿ ನಾನು ಕೆಲಸ ತೆಗೆದುಕೊಂಡೆ, ಸನ್ಮಾನ ತೆಗೆದುಕೊಂಡೆ, ಈಗ ನನ್ನ ಮನಸ್ಸಿನ ನೆಮ್ಮದಿಗೆಂದು ಅದನ್ನೂ ಕಿತ್ತುಕೊಳ್ಳಲು ಬಂದಿದ್ದೆ. ಮತ್ತೆ ಕೇಳುವುದಿಲ್ಲ.

ಹುಡುಗಿಯರು ದಿನಾ ಪ್ರಾರ್ಥನೆ ಮುಗಿದ ಮೇಲೆ "ಮಿಸ್, ಫಾರಂ ಹೋಯ್ತಾ?" ಎನ್ನುತ್ತಾರೆ. ಹೋಗುತ್ತದೆ ಎನ್ನುತ್ತೇನೆ. ನರಸಮ್ಮ ಮಾತ್ರ ಕೇಳುವುದನ್ನು ನಿಲ್ಲಿಸಿದ್ದಾಳೆ. ಏನೋ ಆಗಿದೆ ಎಂದು ಅವಳಿಗೆ ಗೊತ್ತು. ಶನಿವಾರ ಅವಳು ಏಳನೇ ಕ್ಲಾಸಿನ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಬೋಲೈನ್ ಹೇಳಿಕೊಡುತ್ತಿದ್ದಳು. ತುದಿ ಎಡಗೈಲಿ ಹಿಡ್ಕಳ್ರಿ ಎಂದಳು. "ನರಸಮ್ಮ, ಬಲಗೈಲೂ ಹಾಕಬಹುದು ಕಣೇ" ಎಂದೆ. "ಬ್ಯಾಡ ಮಿಸ್, ನಮ್ ಸ್ಕೂಲಿಂದು ಹಿಂಗೇ ಇರ್ಲಿ" ಎಂದಳು.

ಆಮೇಲೆ ನನಗೇನಾಯಿತೋ, ಇದನ್ನು ಹೇಳಿಕೊಟ್ಟದ್ದು ನಾನಲ್ಲ, ತುಮಕೂರಿನಲ್ಲಿರುವ ನನ್ನ ಗೆಳತಿ ಎಂದುಬಿಟ್ಟೆ. ಅವಳು ಹಗ್ಗ ಕೆಳಗಿಟ್ಟು, "ಮತ್ತೆ ಅವರ್ ಯಾಕ್ ಮಿಸ್ ನಮ್ಮನ್ನ ನೋಡಕ್ಕೆ ಬರ್ಲಿಲ್ಲ?" ಎಂದಳು.



ನಿನ್ನ
ಯಶಸ್ವಿನಿ


ಬಟವಾಡಿ, ತುಮಕೂರು
20 ಫೆಬ್ರವರಿ 2003

ಶ್ರೀಮತಿ ಪುಟ್ಟಗಂಗಮ್ಮ ಮೇಡಂ ಅವರಿಗೆ,

ವಿಷಯ: 1993ರಲ್ಲಿ ನನಗೆ ಕೊಟ್ಟ ರಾಜ್ಯ ಪುರಸ್ಕಾರವನ್ನು ರದ್ದು ಮಾಡುವ ಬಗ್ಗೆ.

ಮಾನ್ಯರೇ,

ತಾವು ಕುಣಿಗಲ್ಲಿನಲ್ಲಿ ಕೇಳಿದ ಹುಡುಗಿ ನಾನು. ಅರ್ಜಿ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಮನ್ನಿಸಬೇಕು.

1993ರ ಡಿಸೆಂಬರ್ ತಿಂಗಳಲ್ಲಿ ಐದು ದಿನ ನಾನು ಕುಣಿಗಲ್ ಕ್ಯಾಂಪಿನಲ್ಲಿದ್ದೆ. ಬೆಳಿಗ್ಗೆ ಹಾಜರಿ ಕೂಗಿದಾಗ ಯಶಸ್ವಿನಿ ಎಂಬ ಹೆಸರಿಗೆ ಹಾಜರ್ ಎಂದವಳು ನಾನು. ಒಲೆ ಹೂಡಿ ಇಪ್ಪತ್ತು ಜನಕ್ಕೆ ಉಪ್ಪಿಟ್ಟು ಮಾಡಿದ್ದು ನಾನು. ಮೂರನೇ ದಿನ ಬಿದಿರು ಕಟ್ಟಿ ಸೇತುವೆ ಮಾಡಿದಾಗ ತಾವೇ ಅದರ ಮೇಲೆ ನಡೆದು, "ಮುರೀಲಿಲ್ವಲ್ಲೇ!" ಎಂದು ನಕ್ಕಿರಿ. ತಮಗೆ ನೆನಪಿರಲಾರದು. ನನಗೆ ಇದೆ.

ತಪ್ಪು ಆಗಿದೆ. ಮಾಡಿಸಿದವರು ಈಗ ಇಲ್ಲ, ಅವರನ್ನು ಬೈಯಬೇಡಿ. ಐದು ಮಕ್ಕಳು ವಾಪಸು ಹೋಗಬಾರದೆಂದು ಮಾಡಿದರು. ಯಶಸ್ವಿನಿ ಬರೆದು ಕೊಡಲು ಒಪ್ಪಿದ್ದಳು. ಬೇಡ ಎಂದವಳು ನಾನು. ಅವಳು ನನಗೆ ಕೊಟ್ಟ ಮಾತಿಗಾಗಿ ಸುಮ್ಮನಿದ್ದಾಳೆ. ಇದನ್ನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಅವಳ ಕೆಲಸಕ್ಕೆ ತೊಂದರೆಯಾಗದ ಹಾಗೆ ನೋಡಿಕೊಳ್ಳಲು ತಮ್ಮ ಕೈಲಾದರೆ ನೋಡಿಕೊಳ್ಳಿ. ಒಳ್ಳೆಯ ಟೀಚರು. ಬರದ ವಿದ್ಯೆಯನ್ನು ಬೆರಳು ನೋಯಿಸಿಕೊಂಡು ಕಲಿತು ಕಲಿಸಿದ್ದಾಳೆ.

ಆರು ಹುಡುಗಿಯರ ಫಾರಂಗೆ ದಯವಿಟ್ಟು ಸಹಿ ಹಾಕಿ. ಅವರನ್ನು ನಾನು ನೋಡಿಲ್ಲ. ಆದರೆ ಅವರು ನನ್ನ ಮಕ್ಕಳು, ನನ್ನ ಹತ್ತಿರ ಕಲಿತವರು. ಅವರಿಗೆ ತಡೆಯಾಗಿ ನಾನೇ ನಿಂತಿದ್ದೇನೆ ಎಂದು ತಿಳಿದ ಮೇಲೂ ನಾಲ್ಕು ವಾರ ಸುಮ್ಮನಿದ್ದೆ. ಅದು ನನ್ನ ತಪ್ಪು. ನನಗೆ ಅದನ್ನು ಬಿಟ್ಟುಕೊಡಲು ಇಷ್ಟವಿರಲಿಲ್ಲ ಮೇಡಂ. ಈಗಲೂ ಇಲ್ಲ.

ಉತ್ತರವನ್ನು ಮನೆಯ ವಿಳಾಸಕ್ಕೇ ಕಳಿಸಬಹುದು. ನಿನ್ನೆ ಮನೆಯವರಿಗೂ ಅತ್ತೆಗೂ ಎಲ್ಲ ಹೇಳಿದ್ದೇನೆ. ಯಾರೂ ಮಾತಾಡುತ್ತಿಲ್ಲ. ಅಂಚೆ ಕಚೇರಿಗೆ ನಾನೇ ನಡೆದು ಹೋಗಿ ಇದನ್ನು ರಿಜಿಸ್ಟರ್ ಮಾಡಿಸುತ್ತೇನೆ.

ರಿಜಿಸ್ಟರಿನಲ್ಲಿ ಆ ಸಾಲಿನ ಮೇಲೆ ಗೆರೆ ಎಳೆಯುವುದು ನಿಯಮವಾದರೆ ಎಳೆಯಿರಿ. ಒಂದೇ ಕೋರಿಕೆ. ರದ್ದು ಮಾಡುವ ಆದೇಶದಲ್ಲಾದರೂ ಹೆಸರು ಸರಿಯಾಗಿ ಬರೆಸಿ. ಪುರಸ್ಕಾರ ಪಡೆದವಳು ಮಾನಸಾ, ರಾಮಾಂಜಿನಯ್ಯನವರ ಮಗಳು, ಕಡಬ, ಗುಬ್ಬಿ ತಾಲೂಕು.

ಇಂತಿ ತಮ್ಮ ವಿಧೇಯಳು
ಮಾನಸಾ